ಬಿಪಿ ಮಾತ್ರೆಗೆ ಪ್ರತಿ ತಿಂಗಳೂ ದೊಡ್ಡಾಸ್ಪತ್ರೆಗೇ ಹೋಗಬೇಕಾ?

ಪ್ರಶ್ನೆ: ನಮ್ಮತ್ತೆಗೆ 72 ವರ್ಷ. ಬಿಪಿ, ಶುಗರ್ ಎರಡೂ ಇದೆ. ಹಾಸನದ ಪೆನ್ಷನ್ ಮೊಹಲ್ಲಾ ಕಡೆ ಒಂದು ರೂಮಿನ ಬಾಡಿಗೆ ಮನೆ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರೆ ಒಂದು ದಿನದ ಸಂಬಳ ಕಟ್. ಹಾಗಾಗಿ ಮಾತ್ರೆ ಆಗಾಗ ತಪ್ಪುತ್ತದೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ. ಈಚೆಗೆ ಎದ್ದರೆ ತಲೆ ಸುತ್ತುತ್ತದಂತೆ. ಏನು ಮಾಡಲಿ?

ಉತ್ತರ: ತಲೆ ಸುತ್ತನ್ನು ‘ವಯಸ್ಸಾಯ್ತಲ್ವಾ’ ಅಂತ ಬಿಡಬೇಡಿ, ಈ ವಾರವೇ ತೋರಿಸಿ. ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಲು ಕೇಳಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬಿದ್ದು ಮೂಳೆ ಮುರಿಯುವ ಭಯ ಇರುತ್ತದೆ. ಡೋಸ್ ಬದಲಿಸುವುದು ಡಾಕ್ಟರ ಕೆಲಸ, ನೀವೇ ನಿಲ್ಲಿಸಬೇಡಿ.

ಇದಕ್ಕೆಲ್ಲ ದೊಡ್ಡಾಸ್ಪತ್ರೆ ಬೇಕಿಲ್ಲ. 2022ರ ಡಿಸೆಂಬರ್‌ನಿಂದ ರಾಜ್ಯದ ಊರುಗಳಲ್ಲಿ ‘ನಮ್ಮ ಕ್ಲಿನಿಕ್’ಗಳು ಬಂದಿವೆ. ಡಾಕ್ಟರ್, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರುತ್ತಾರೆ. ಬಿಪಿ, ಶುಗರ್ ತಪಾಸಣೆಯೂ ಮಾತ್ರೆಯೂ ಉಚಿತ. ಹತ್ತಿರದ್ದು ಯಾವುದು ಅಂತ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಕ್ಲಿನಿಕ್ ದೂರವಾದರೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಆದೀತು. ಬೆಳಿಗ್ಗೆ 9ರಿಂದ ಸಂಜೆ 4.30ರ ವೇಳೆ ನಿಮ್ಮಂಥ ದುಡಿಯುವವರಿಗೆ ಹೊಂದುವುದಿಲ್ಲ, ಅದು ನಿಜವಾದ ತೊಂದರೆ. ಅದಕ್ಕೇ ಮೊದಲ ಸಲ ಮಾತ್ರ ರಜೆ ಹಾಕಿ ನೀವೇ ಹೋಗಿ. ಹಳೇ ಚೀಟಿಯ ಜೊತೆ ಮನೆಯಲ್ಲಿರುವ ಎಲ್ಲಾ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಕವರಿಗೆ ಹಾಕಿಕೊಂಡು ಹೋಗಿ, ಮಂಡಿ ನೋವಿನದ್ದೂ ಸೇರಿ. ಆಮೇಲೆ ಪಕ್ಕದ ಮನೆಯವರ ಜೊತೆ ಅತ್ತೆ ಹೋಗಿಬರಬಹುದು. ತಿಂಗಳು ತಿಂಗಳೂ ಅದೇ ಡಾಕ್ಟರ್, ಅದೇ ನರ್ಸ್ ನೋಡಿದರೆ ಸಣ್ಣ ಏರುಪೇರೂ ಬೇಗ ಕಣ್ಣಿಗೆ ಬೀಳುತ್ತದೆ.

ಮಂಡಿ ನೋವಿನ ಮಾತ್ರೆಯ ವಿಷಯ ಒತ್ತಿ ಹೇಳುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ಸುಮ್ನೆ ಕೊಂಡು ನುಂಗುವಂಥವಲ್ಲ. ಪ್ಯಾರಾಸಿಟಮಾಲ್ ಸಾಕಾ ಅಂತ ಡಾಕ್ಟರನ್ನು ಕೇಳಿ.

ಶುಗರ್ ಮಾತ್ರೆ ನುಂಗಿ ಊಟ ಬಿಡುವುದು ಬೇಡ, ಶುಗರ್ ತೀರಾ ಇಳಿಯಬಹುದು. ಬೆವರು, ನಡುಕ, ಮಾತು ಗಲಿಬಿಲಿ ಕಂಡರೆ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, ಸಕ್ಕರೆ ನೀರು ಕೊಡಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದದ್ದು ನಾಲ್ಕೂವರೆ ಗಂಟೆಯೊಳಗೆ.