ಮರೆವು ಶುರುವಾದ ಮಾವನಿಗೆ ವಾಕಿಂಗ್ ಯಾಕೆ?

ಪ್ರಶ್ನೆ: ನಮ್ಮ ಮಾವನಿಗೆ 72 ವರ್ಷ. ಕೋಲಾರದ ಹತ್ತಿರ ಟೊಮ್ಯಾಟೊ ಬೆಳೆಯುತ್ತೇವೆ. ಮಂಡಿಯಲ್ಲಿ ಬಾಕ್ಸಿನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಈಗ ತಡವರಿಸುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಆದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಡಾಕ್ಟರು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಅಂದರೆ ವಯಸ್ಸಿಗೆ ಮೀರಿದ ಆದರೆ ದಿನದ ಕೆಲಸ ಕೆಡಿಸದಷ್ಟು ಮರೆವು ಅಂದರು. ಮಾತ್ರೆ ಕೊಡಲಿಲ್ಲ, ವಾಕ್ ಮಾಡಿಸಿ ಅಂದರು. ದಿನವಿಡೀ ತೋಟದಲ್ಲಿರುವವರಿಗೆ ಇನ್ನೇನು ವಾಕಿಂಗ್?
– ಓದುಗರು, ಕೋಲಾರ

ಉತ್ತರ: ಮಾತ್ರೆ ಕೊಡದ ಡಾಕ್ಟರ ಮೇಲೆ ಬೇಸರ ಬೇಡ. ಈ ಹಂತದ ಮರೆವು ಮುಂದುವರಿಯದಂತೆ ತಡೆಯುವ ಮಾತ್ರೆ ಇದೆ ಎಂದು ಸಾಬೀತಾಗಿಲ್ಲ. ಅಮೆರಿಕದ ನರರೋಗ ತಜ್ಞರ ಸಂಘ 2018ರಲ್ಲಿ ಇಂಥವರಿಗೆ ವಾರಕ್ಕೆ ಎರಡು ಸಲವಾದರೂ ವ್ಯಾಯಾಮ ಮಾಡಿಸಿ ಎಂದೇ ಹೇಳಿತು.

ಇನ್ನು ಮೆದುಳಿನ ವಿಷಯ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 2023ರ ಅಧ್ಯಯನದಲ್ಲಿ 71ರಿಂದ 85 ವರ್ಷದ 33 ಮಂದಿ ಟ್ರೆಡ್‌ಮಿಲ್ ಮೇಲೆ 12 ವಾರ ನಡೆದರು. ವಾರಕ್ಕೆ 4 ದಿನ, ದಿನಕ್ಕೆ 30 ನಿಮಿಷ. ಅವರಲ್ಲಿ ಕೆಲವರಿಗೆ ನಿಮ್ಮ ಮಾವನಂಥದೇ ತೊಂದರೆ ಇತ್ತು. ಕೊನೆಗೆ ಸ್ಕ್ಯಾನ್ ಮಾಡಿದಾಗ, ನೆನಪು ಮತ್ತು ಗಮನಕ್ಕೆ ಬೇಕಾದ ಮೆದುಳಿನ ಜಾಲಗಳ ನಡುವಿನ ಸಂಪರ್ಕ ಬಲವಾಗಿತ್ತು. ಕೇಳಿದ ಕಥೆಯನ್ನು ನೆನಪಿಟ್ಟು ಹೇಳುವುದೂ ಸುಧಾರಿಸಿತ್ತು. ಸಣ್ಣ ಗುಂಪು, ನಿಜ. ನಡೆದರೆ ಮರೆವು ಹೋಗುತ್ತದೆ ಎಂದು ನಾನಂತೂ ಹೇಳಲಾರೆ.

ತೋಟದ ಓಡಾಟ ಒಳ್ಳೆಯದೇ. ಆದರೆ ಅದು ನಿಂತು ನಿಂತು ಮಾಡುವ ಕೆಲಸ, ಅಲ್ವಾ? ಬೇಕಾಗಿರುವುದು ಸ್ವಲ್ಪ ಏದುಸಿರು ಬರುವ ನಡಿಗೆ. ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು ವೇಗ. ಬಿಸಿಲೇರುವ ಮುಂಚೆ, ಸಮತಟ್ಟಾದ ದಾರಿಯಲ್ಲಿ, 10 ನಿಮಿಷದಿಂದ ಶುರು ಮಾಡಿ. ಅಂತರಗಂಗೆ ಮೆಟ್ಟಿಲು ಈಗಲೇ ಬೇಡ. ಎದೆನೋವು, ಮಂಡಿನೋವು ಇದ್ದರೆ ಮೊದಲು ಡಾಕ್ಟರಿಗೆ ತಿಳಿಸಿ.

ಜೊತೆಗೆ ನೀವೂ ಹೋಗಿ. ನಡೆಯುತ್ತಾ ಇವತ್ತಿನ ಟೊಮ್ಯಾಟೊ ರೇಟು ಕೇಳಿ. ಉತ್ತರ ಕೊಡಲು ಪ್ರತಿ ಸಲ ನಿಂತುಬಿಡುತ್ತಾರಾ? ಕಾಲಿಡುವುದಕ್ಕೂ ಯೋಚಿಸುವುದಕ್ಕೂ ಮೆದುಳಿನ ಗಮನ ಬೇಕು. ಎರಡೂ ಒಟ್ಟಿಗೆ ಆಗದವರು ಬೀಳುವ ಸಾಧ್ಯತೆ ಜಾಸ್ತಿ. ಹಾಗಾಗಿ ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಬಿ12, ಥೈರಾಯ್ಡ್, ಶುಗರ್, ಬಿಪಿ, ಕಿವಿ ಪರೀಕ್ಷೆ ಆಗಿದೆಯಾ? ಇವುಗಳಲ್ಲಿ ಕೆಲವನ್ನು ಸರಿಪಡಿಸಿದರೆ ಮರೆವೂ ಕಡಿಮೆಯಾಗಬಹುದು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ ಮೆದುಳು ಆರೋಗ್ಯ ಯೋಜನೆ ಮೊದಲು ಶುರುವಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ದುಡ್ಡಿನ ವ್ಯವಹಾರದಲ್ಲಿ ತಪ್ಪುಗಳಾದರೆ, ಗೊತ್ತಿರುವ ದಾರಿಯೇ ತಪ್ಪಿದರೆ ಮುಂದಿನ ತಪಾಸಣೆಯ ತನಕ ಕಾಯಬೇಡಿ.