ತೊಳೆದರೂ ಕಾರಿನ ಪೇಂಟ್ ತರಿತರಿ ಎನ್ನುತ್ತಿದೆ, ಯಾವ ರಬ್ಬಿಂಗ್ ಕಾಂಪೌಂಡ್ ತೆಗೆದುಕೊಳ್ಳಲಿ?

ಸದ್ಯಕ್ಕೆ ಯಾವುದೂ ಬೇಡ. ನಿಮ್ಮದು ವರ್ಷಗಟ್ಟಲೆ ಬಯಲಲ್ಲಿ ನಿಂತ ಬಿಳಿ ಕಾರು, ಶಾಂಪೂ ಹಾಕಿ ತೊಳೆದರೂ ಬಾನೆಟ್ ಒರಟು, ಅಲ್ಲಲ್ಲಿ ಕಿತ್ತಳೆ ಚುಕ್ಕಿ. ನನ್ನ ಹಳೆಯ ಕಾರೂ ಹೀಗೇ ಇತ್ತು. ನಾನು ಮೊದಲು ಕೈ ಹಾಕಿದ್ದೇ ಪೇಂಟ್ ಸವೆಸಿ ಹೊಳಪು ತರುವ ಕಾಂಪೌಂಡ್ ಡಬ್ಬಿಗೆ, ಕೊನೆಗೆ ಬಾನೆಟ್‌ಗೆ ಹೊಸದಾಗಿ ಪೇಂಟ್ ಮಾಡಿಸಬೇಕಾಯಿತು. ಕಾಂಪೌಂಡ್ ಕೆಟ್ಟದ್ದಾಗಿರಲಿಲ್ಲ, ಅದನ್ನು ಉಜ್ಜಿದ ಸರದಿ ತಪ್ಪಾಗಿತ್ತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಪೇಂಟ್ ಕಳೆದುಕೊಳ್ಳುವುದು ಇಲ್ಲೇ.

ಆ ಕಿತ್ತಳೆ ಚುಕ್ಕಿಗಳು ನಿಮ್ಮ ಕಾರಿನ ತಗಡಿಗೆ ಹಿಡಿದ ತುಕ್ಕಲ್ಲ. ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ ಸವೆದಾಗ ಬಿಸಿ ಕಬ್ಬಿಣದ ಕಣಗಳು ಹಾರುತ್ತವೆ. ರೈಲು ಹಳಿಯ ಹತ್ತಿರ, ವೆಲ್ಡಿಂಗ್ ನಡೆಯುವ ಕಡೆ ನಿಲ್ಲಿಸಿದರೆ ಇನ್ನೂ ಹೆಚ್ಚು. ಅವು ಕ್ಲಿಯರ್ ಕೋಟ್‌ನಲ್ಲಿ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ ನಾಟಿಕೊಂಡು, ನೀರು ತಗಲಿ, ಅಲ್ಲೇ ತುಕ್ಕು ಹಿಡಿಯುತ್ತವೆ. ಕಂಪನಿ ಪೇಂಟ್‌ನ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಮೇಲಿನ ಪಾರದರ್ಶಕ ಪದರದ ಪಾಲು 40–50 ಮೈಕ್ರಾನ್ ಅಷ್ಟೇ.

ಈಗ ಇದರ ಮೇಲೆ ಕಾಂಪೌಂಡ್ ಉಜ್ಜಿದರೆ ಎರಡು ಅನಾಹುತ ಒಟ್ಟಿಗೇ ಆಗುತ್ತವೆ. ಸಡಿಲವಾಗಿದ್ದ ಕಬ್ಬಿಣದ ಕಣಗಳು ಕಿತ್ತು ಬಂದು ಪ್ಯಾಡ್‌ನಲ್ಲೋ ಬಟ್ಟೆಯಲ್ಲೋ ಸಿಕ್ಕಿಕೊಂಡು, ಕೈ ಹೋದಲ್ಲೆಲ್ಲ ಗೀರು ಎಳೆಯುತ್ತವೆ. ಆಳಕ್ಕೆ ಇಳಿದವು ಕಾಲಿಗೆ ನಾಟಿದ ಮುಳ್ಳು ಒಳಗೇ ಮುರಿದ ಹಾಗೆ, ತಲೆ ಮಾತ್ರ ಕಳೆದುಕೊಂಡು ಬುಡ ಉಳಿಸಿಕೊಳ್ಳುತ್ತವೆ. ಕೈಗೆ ನುಣುಪು, ಕಣ್ಣಿಗೆ ಹೊಳಪು, ಕೆಲಸ ಆಯಿತು ಅನ್ನಿಸುತ್ತದೆ. ನಾಲ್ಕು ಸಲ ಮಳೆ ಬಿದ್ದರೆ ಅದೇ ಜಾಗದಲ್ಲಿ ಕಿತ್ತಳೆ ಮತ್ತೆ ಹಾಜರ್. ಗೀರು ತೆಗೆಯಲೆಂದು ಇನ್ನೊಂದು ಸುತ್ತು ಉಜ್ಜುತ್ತೀರಿ, ಚುಕ್ಕಿ ತೆಗೆಯಲೆಂದು ಮತ್ತೊಂದು. ಪ್ರತಿ ಸುತ್ತೂ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಅಂಶ ಇರುವುದು ಆ ಪದರದಲ್ಲೇ. ಅದು ತೀರಾ ತೆಳುವಾದರೆ ಮುಂದೆ ಬಿಳಿಚಿಕೊಂಡು ಹಪ್ಪಳೆಯೇಳುತ್ತದೆ, ಆಮೇಲೆ ಯಾವ ಪಾಲಿಶ್‌ಗೂ ಬಗ್ಗುವುದಿಲ್ಲ.

ಹಾಗಾಗಿ ಮೊದಲು ರಾಸಾಯನಿಕ, ಆಮೇಲೆ ಕ್ಲೇ (ಪೇಂಟ್ ಮೇಲೆ ಸವರಿ, ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ), ಉಜ್ಜುವುದು ಬೇಕೇ ಬೇಡವೇ ಎನ್ನುವ ಪ್ರಶ್ನೆ ಕಟ್ಟಕಡೆಗೆ.

ನೆರಳಿನಲ್ಲಿ, ಮುಟ್ಟಿದರೆ ತಣ್ಣಗಿರುವ ಬಾಡಿಯ ಮೇಲೆ ಕೆಲಸ ಶುರುಮಾಡಿ. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಾಡುವ ನೀರು, ಚೆನ್ನಾಗಿ ತೊಳೆದು ಒರೆಸಿ. ಮುಂದಿನದು ಡಾಂಬರು. ಚಕ್ರದ ಹಿಂದೆ, ಡೋರ್‌ಗಳ ಕೆಳಭಾಗದಲ್ಲಿ ಕರಿ ಚುಕ್ಕಿಗಳಿರುತ್ತವೆ. ಇದನ್ನು ಐರನ್ ರಿಮೂವರ್‌ಗಿಂತ (ಕಬ್ಬಿಣದ ಕಣ ಕರಗಿಸುವ ದ್ರಾವಣ) ಮೊದಲೇ ತೆಗೆಯಬೇಕು, ಏಕೆಂದರೆ ಡಾಂಬರಿನ ಅಡಿಯಲ್ಲಿ ಕಬ್ಬಿಣದ ಕಣ ಇದ್ದರೆ ಔಷಧ ಅದಕ್ಕೆ ತಲುಪುವುದೇ ಇಲ್ಲ. ಟಾರ್ ರಿಮೂವರ್ ಒಣ ಬಾಡಿಯ ಮೇಲೆ ಹಾಕಿ, ಒದ್ದೆ ಇದ್ದರೆ ಅದರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಒಂದೆರಡು ನಿಮಿಷದಲ್ಲಿ ಕಂದು ಬಣ್ಣದಲ್ಲಿ ಕರಗಿ ಇಳಿಯುತ್ತದೆ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಡವಿಲ್ಲದೆ ಒರೆಸಿ, ಮತ್ತೆ ಶಾಂಪೂ ನೀರಿನಲ್ಲಿ ತೊಳೆಯಿರಿ. ಹೆಡ್‌ಲೈಟ್‌ಗೂ ಪೇಂಟ್ ಇಲ್ಲದ ಕರಿ ಪ್ಲಾಸ್ಟಿಕ್‌ಗೂ ತಾಗಿಸಬೇಡಿ. ಥಿನ್ನರ್ ಸಾಕಲ್ಲವೇ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ: ರೀಪೇಂಟ್ ಆದ ಪ್ಯಾನೆಲ್ ಆಗಿದ್ದರೆ ಡಾಂಬರಿನ ಜೊತೆ ಬಣ್ಣವೂ ಬಟ್ಟೆಗೆ ಬರುತ್ತದೆ.

ಇನ್ನು ಐರನ್ ರಿಮೂವರ್. ಕಬ್ಬಿಣ ತಗಲಿದಾಗ ನೇರಳೆ ಬಣ್ಣಕ್ಕೆ ತಿರುಗುವಂಥದ್ದನ್ನು ಕೊಳ್ಳಿ. ಅದರಲ್ಲಿರುವುದು ಥಯೋಗ್ಲೈಕೊಲೇಟ್, ಕೂದಲು ಗುಂಗುರು ಮಾಡುವ ದ್ರಾವಣಗಳಲ್ಲಿ ಇರುವುದೂ ಅದೇ ವರ್ಗದ ವಸ್ತು. ಆ ಕೊಳೆತ ಮೊಟ್ಟೆಯ ನಾತ ಅದರದ್ದೇ, ಎಷ್ಟೇ ಸುಗಂಧ ಬೆರೆಸಿದರೂ ಅಡಗುವುದಿಲ್ಲ. ಗ್ಲೌಸ್ ಹಾಕಿಕೊಂಡು, ಗಾಳಿಯಾಡುವ ಕಡೆ, ಪ್ಯಾನೆಲ್‌ನ ಕೆಳಗಿನಿಂದ ಮೇಲಕ್ಕೆ ಸಿಂಪಡಿಸಿ. ಬಾಟಲಿಯ ಮೇಲೆ ಬೇರೆ ಹೇಳಿರದಿದ್ದರೆ 3ರಿಂದ 5 ನಿಮಿಷ ಸಾಕು. ನೇರಳೆ ಇಳಿಯುವುದನ್ನು ನೋಡುತ್ತಾ ಮೈಮರೆತು ಒಣಗಲು ಬಿಟ್ಟರೆ ಕಲೆ ಕೂತುಬಿಡುತ್ತದೆ. ಒಣಗುವ ಲಕ್ಷಣ ಕಂಡರೆ ಸಮಯ ನೋಡಬೇಡಿ, ತೊಳೆದುಬಿಡಿ. ಪೂರ್ತಿ ಜಾಲಾಡಿ, ಇನ್ನೊಂದು ಸುತ್ತು ಹಾಕಿ. ಆ ಸುತ್ತಿನಲ್ಲೂ ದಟ್ಟ ನೇರಳೆ ಬಂದರೆ ಮೂರನೆಯದೂ ಬೇಕು. ಬಣ್ಣ ಬರುವುದು ನಿಂತಾಗ ನಿಲ್ಲಿಸಿ. ಆಮ್ಲ ಬೆರೆತ ವೀಲ್ ಕ್ಲೀನರನ್ನು ಇದರ ಜೊತೆಯಲ್ಲಿ ಬಳಸಲೇಬೇಡಿ.

ಈಗ ಕ್ಲೇ. ಸುಮಾರು 50 ಗ್ರಾಂ ತುಂಡನ್ನು ಬೆರಳಲ್ಲಿ ಮಿದ್ದು ಚಪ್ಪಟೆ ಮಾಡಿ. ನುಣುಪು ದರ್ಜೆಯಿಂದಲೇ ಶುರುಮಾಡಿ, ಹೆವಿ ಗ್ರೇಡ್ ಕೊಳ್ಳುವ ಆಸೆ ಬೇಡ. ಜಾರುದ್ರವ ಧಾರಾಳವಾಗಿರಲಿ. ಅದಕ್ಕೆಂದೇ ಸಿಗುವ ಸ್ಪ್ರೇ ಒಳ್ಳೆಯದು, ಇಲ್ಲದಿದ್ದರೆ ನೀರಿಗೆ ತುಸು ಪಿಎಚ್ ನ್ಯೂಟ್ರಲ್ ಕಾರ್ ಶಾಂಪೂ ಬೆರೆಸಿ. ಒಂದು ಸಲಕ್ಕೆ 40 ಸೆಂ.ಮೀ. ಚೌಕದಷ್ಟು ಜಾಗ, ನೇರ ಗೆರೆಯಲ್ಲಿ ಹಿಂದೆ ಮುಂದೆ, ಬೆರಳಿನ ಭಾರವಷ್ಟೇ. ಮೊದಲು ಕರಕರ ಸದ್ದು, ಎಳೆತ ಎರಡೂ ಇರುತ್ತವೆ. ಸದ್ದು ಅಡಗಿ ಜಾರತೊಡಗಿದರೆ ಆ ಜಾಗ ಮುಗಿಯಿತು. ಕ್ಲೇ ತಿರುವಿ ನೋಡಿ, ಕೊಳೆ ಕಂಡರೆ ಮಡಚಿ ಹೊಸ ಮುಖ ತನ್ನಿ. ನೆಲಕ್ಕೆ ಬಿದ್ದರೆ ಆ ತುಂಡು ಕಸಕ್ಕೆ. ತೊಳೆದರೆ ಹೋಗುತ್ತದೆ ಎನ್ನುವವರಿದ್ದಾರೆ, ಹೋಗುವುದಿಲ್ಲ: ಕಸ ಹಿಡಿದಿಟ್ಟುಕೊಳ್ಳುವುದೇ ಅದರ ಗುಣ, ಮರಳನ್ನೂ ಹಾಗೇ ಹಿಡಿಯುತ್ತದೆ. ರೂಫ್, ಬಾನೆಟ್ ಮೊದಲು, ಡೋರ್‌ಗಳ ತಳಭಾಗ ಕೊನೆಗೆ. ತರಿ ಇನ್ನೂ ಉಳಿದಿದೆಯೇ ಎಂಬುದು ಬರಿಗೈಯಲ್ಲಿ ಸವರುವುದಕ್ಕಿಂತ, ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಕ್ಲೇಗೂ ಬಗ್ಗದವು ಕೆಲವಿರುತ್ತವೆ. ಮರದಿಂದ ಒಸರಿ ಬಿದ್ದು ಗಟ್ಟಿಯಾದ ಅಂಟಿನ ಮೇಲೆ 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಹತ್ತಿಯನ್ನು ಒಂದು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಎತ್ತಿ ಒರೆಸಿ, ಉಗುರು ಹಾಕಬೇಡಿ. ಗಡಸು ನೀರಿನ ಬಿಳಿ ಉಂಗುರಗಳಿಗೆ ಬಿಳಿ ವಿನೆಗರ್, ಡಿಸ್ಟಿಲ್ಡ್ ನೀರು ಸಮಪಾಲು, ಒಂದೆರಡು ನಿಮಿಷ, ಕೂಡಲೇ ತೊಳೆಯಿರಿ. ಆಗಲೂ ಉಂಗುರ ಕಂಡರೆ ಅದು ಮೇಲೆ ಕೂತ ಸುಣ್ಣವಲ್ಲ, ಕ್ಲಿಯರ್ ಕೋಟ್‌ನಲ್ಲೇ ಬಿದ್ದ ತಗ್ಗು. ಹಕ್ಕಿ ಹಿಕ್ಕೆ ಬಿಟ್ಟುಹೋದ ಮಂಕು ಗುರುತೂ ಇದೇ ಜಾತಿ. ತೆಗೆಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ, ಪಾಲಿಶ್ ಮಾಡಿ ಸುತ್ತಲಿನ ಮಟ್ಟ ಇಳಿಸಬೇಕು, ಆಳವಾಗಿದ್ದರೆ ಪೂರ್ತಿ ಹೋಗಿಸುವ ಹಟ ಬಿಡಬೇಕು.

ಇಷ್ಟಾದ ಮೇಲೆ ಟಾರ್ಚ್ ಬೆಳಕಿನಲ್ಲಿ ನೋಡಿ. ಬಿಳಿ ಕಾರಿನಲ್ಲಿ ಕ್ಲೇಯ ಸಣ್ಣ ಗೀರುಗಳು ಕಣ್ಣಿಗೆ ಬೀಳುವುದೇ ಕಡಿಮೆ, ಕರಿ ಕಾರಾಗಿದ್ದರೆ ಖಂಡಿತ ಕಾಣುತ್ತಿದ್ದವು. ಮಂಕು ಇನ್ನೂ ಉಳಿದಿದ್ದರೆ ಫೈನ್ ಪಾಲಿಶ್, ಮೆದು ಫೋಮ್ ಪ್ಯಾಡ್, ಮೊದಲು ಒಂದು ಮೂಲೆಯಲ್ಲಿ ಪ್ರಯೋಗ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಆ ಪ್ಯಾನೆಲ್‌ಗೆ ಕ್ಲಿಯರ್ ಕೋಟ್ ಇಲ್ಲ, ಅಥವಾ ಈಗಾಗಲೇ ಸವೆದುಹೋಗಿದೆ. ಅಂಚು, ಉಬ್ಬುಗೆರೆಗಳ ಮೇಲೆ ಪದರ ತೆಳುವಿರುತ್ತದೆ, ಮಾಸ್ಕಿಂಗ್ ಟೇಪ್ ಅಂಟಿಸಿ.

ಮುಗಿದ ದಿನವೇ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ, ಮೇಲೆ ಇದ್ದಬದ್ದ ರಕ್ಷಣೆಯೆಲ್ಲ ಈ ಕೆಲಸದಲ್ಲಿ ಹೋಗಿರುತ್ತದೆ. ಐರನ್ ರಿಮೂವರ್ ವರ್ಷಕ್ಕೆ ಎರಡು ಸಲ ಸಾಕು. ಕ್ಲೇಯನ್ನು ಮಾತ್ರ ಚೀಲದ ಪರೀಕ್ಷೆಯಲ್ಲಿ ತರಿ ಸಿಕ್ಕಾಗಲಷ್ಟೇ ಹೊರತೆಗೆಯಿರಿ.