ಎಸ್‌ಎಸ್‌ಡಿ ಎನ್‌ಕ್ಲೋಷರ್ ಕೈಕೊಟ್ಟಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎನ್‌ವಿಎಂಇ (ವೇಗದ ಬಗೆಯ) ಎಸ್‌ಎಸ್‌ಡಿಯನ್ನು ಯುಎಸ್‌ಬಿ ಎನ್‌ಕ್ಲೋಷರಿಗೆ (ಎಸ್‌ಎಸ್‌ಡಿಯನ್ನು ಹೊರಗಿನಿಂದ ಚುಚ್ಚಲು ಆಗಿಸುವ ಪೆಟ್ಟಿಗೆ) ಹಾಕಿ ಪಾಠದ ವಿಡಿಯೋ ಇಟ್ಟುಕೊಂಡಿದ್ದೇನೆ. ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸರಿಯಿದೆ. ಶಾಲೆಯ ಉಬುಂಟು ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೋಲ್ಡರ್ ಕಾಪಿ ಮಾಡುವಾಗ ಅರ್ಧದಲ್ಲೇ ಸಂಪರ್ಕ ಕಡಿಯುತ್ತದೆ. ಎಸ್‌ಎಸ್‌ಡಿ ಕೆಟ್ಟಿದೆಯೇ?
– ಕನ್ನಡ ಮಾಧ್ಯಮ ಶಿಕ್ಷಕಿ, ಬದಿಯಡ್ಕ

ಉತ್ತರ: ಮನೆಯಲ್ಲಿ ಅದೇ ಫೋಲ್ಡರ್ ಪೂರ್ತಿ ಕಾಪಿ ಆಗುತ್ತದೆ ಎಂದಾದರೆ ಎಸ್‌ಎಸ್‌ಡಿ ಚೆನ್ನಾಗಿಯೇ ಇರಬೇಕು. ಹೊಸದು ಕೊಳ್ಳುವ ಮೊದಲು ಕರೆಂಟು ನೋಡಿ. ಯುಎಸ್‌ಬಿ 3.0 ಪೋರ್ಟ್ ಕೊಡಲೇಬೇಕಾದದ್ದು 5 ವೋಲ್ಟಿನಲ್ಲಿ 900 ಮಿಲಿಆಂಪಿಯರ್, ಅಂದರೆ 4.5 ವ್ಯಾಟ್ ಮಾತ್ರ. ಒಂದೇ ಸಮನೆ ಬರೆಯುವಾಗ ಕೆಲವು ಎನ್‌ವಿಎಂಇಗಳಿಗೆ ಇಷ್ಟು ಸಾಲದು. ಹಬ್ ತೆಗೆದು ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಎನ್‌ಕ್ಲೋಷರಿನ ಜೊತೆ ಬಂದ ಗಿಡ್ಡ ಕೇಬಲನ್ನೇ ಬಳಸಿ, ಬೇರೆ ಪೋರ್ಟಿನಲ್ಲೂ ಪ್ರಯತ್ನಿಸಿ.

ಆಗಲೂ ಕಡಿದರೆ ಸಂಶಯ ಬ್ರಿಡ್ಜ್ ಚಿಪ್ಪಿನ ಮೇಲೆ. ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಹೊಂದಿಸುವ ಚಿಪ್ ಅದು. ಚಿಪ್ ತನಗೆ ಯುಎಎಸ್ ಎಂಬ ವೇಗದ ವಿಧಾನ ಬರುತ್ತದೆ ಎಂದು ಹೇಳಿದರೆ ಲಿನಕ್ಸ್ (ಉಬುಂಟುವಿನ ತಿರುಳು) ಆ ವಿಧಾನದಲ್ಲೇ ಹಲವು ಆಜ್ಞೆಗಳನ್ನು ಒಟ್ಟಿಗೆ ಕಳಿಸುತ್ತದೆ. ಫರ್ಮ್‌ವೇರ್ (ಚಿಪ್ಪಿನೊಳಗಿನ ತಂತ್ರಾಂಶ) ಕಚ್ಚಾ ಆಗಿದ್ದರೆ ಚಿಪ್ ಅಲ್ಲೇ ನಿಂತುಬಿಡುತ್ತದೆ. ವಿಂಡೋಸಿನ ಡ್ರೈವರ್ ಬೇರೆ. ಅಲ್ಲಿ ಕಾಣದ ತೊಂದರೆ ಇಲ್ಲಿ ಕಾಣಬಹುದು.

ಕಡಿದ ಕೂಡಲೇ ಟರ್ಮಿನಲ್‌ನಲ್ಲಿ 'sudo dmesg' ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಯುಎಎಸ್ (uas), ಅಬಾರ್ಟ್ (abort) ಎಂಬ ಪದಗಳು ಸಾಲುಸಾಲಾಗಿ ಬಂದಿದ್ದರೆ ಹೆಚ್ಚಾಗಿ ಇದೇ ರೋಗ. ಏನೂ ಮುನ್ಸೂಚನೆಯಿಲ್ಲದೆ ಡಿಸ್‌ಕನೆಕ್ಟ್ ಎಂದಷ್ಟೇ ಇದ್ದರೆ ಮತ್ತೆ ಕರೆಂಟು, ಕೇಬಲ್, ಬಿಸಿಯ ಕಡೆಗೆ ಹೋಗಿ. ಎನ್‌ಕ್ಲೋಷರ್ ಬಿಚ್ಚಿ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಪಟ್ಟಿ) ನೋಡಿ: ಅದರ ಎರಡೂ ಬದಿಯ ತೆಳು ಪ್ಲಾಸ್ಟಿಕ್ ಹಾಳೆ ಸುಲಿಯದೆ ಹಾಗೇ ಅಂಟಿಸಿದ್ದರೆ ಬಿಸಿ ಹೊರಗಿನ ಲೋಹಕ್ಕೆ ಸರಿಯಾಗಿ ದಾಟುವುದಿಲ್ಲ.

ಯುಎಎಸ್ ತಪ್ಪಿಸುವುದು ಹೀಗೆ. ಟರ್ಮಿನಲ್‌ನಲ್ಲಿ 'lsusb' ಕೊಟ್ಟರೆ ಎನ್‌ಕ್ಲೋಷರಿನ ಐಡಿ ಸಿಗುತ್ತದೆ: ನಾಲ್ಕು ಅಕ್ಷರ, ಕೋಲನ್, ಮತ್ತೆ ನಾಲ್ಕು ಅಕ್ಷರ. ಲ್ಯಾಪ್‌ಟಾಪ್ ಶುರುವಾಗುವಾಗ ಗ್ರಬ್ ಪರದೆಯಲ್ಲಿ (ಉಬುಂಟು ಶುರುವಾಗುವ ಮೊದಲಿನ ಮೆನು) 'e' ಒತ್ತಿ, linux ಎಂದು ತೊಡಗುವ ಸಾಲಿನ ಕೊನೆಗೆ 'usb-storage.quirks=' ಎಂದು ಬರೆದು, ಜಾಗ ಬಿಡದೆ ಆ ಐಡಿ, ಇನ್ನೊಂದು ಕೋಲನ್, 'u' ಅಕ್ಷರ ಸೇರಿಸಿ (ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ). ಕಂಟ್ರೋಲ್ ಮತ್ತು ಎಕ್ಸ್ ಒತ್ತಿ ಮುಂದುವರಿಯಿರಿ. ಇದು ಆ ಒಂದು ಸಲಕ್ಕೆ ಮಾತ್ರ, ಹಾಗಾಗಿ ಹೆದರಬೇಕಿಲ್ಲ. ಫೋಲ್ಡರ್ ಪೂರ್ತಿ ಹೋದರೆ ಅದೇ ಸಾಲನ್ನು ಕಾಯಂ ಮಾಡಿಕೊಡಲು ಶಾಲೆಯ ಎಸ್‌ಐಟಿಸಿಗೆ (ಶಾಲಾ ಐಟಿ ಸಂಯೋಜಕರಿಗೆ) ಹೇಳಿ. ವೇಗ ತುಸು ಇಳಿಯುತ್ತದೆ; ಮಕ್ಕಳ ಮುಂದೆ ಪಾಠ ಅರ್ಧಕ್ಕೆ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಶ್ನೆ: ಹಳೇ ಲ್ಯಾಪ್‌ಟಾಪಿನ ಎಂ.2 (ಚಿಕ್ಕ ಪಟ್ಟಿಯ ಆಕಾರದ) ಎಸ್‌ಎಸ್‌ಡಿ ಎನ್‌ಕ್ಲೋಷರಿನಲ್ಲಿ ಸರಿಯಾಗಿ ಕೂರುತ್ತದೆ, ದೀಪವೂ ಹತ್ತುತ್ತದೆ. ಆದರೆ ಡಿಸ್ಕ್ ಕಾಣಿಸುವುದಿಲ್ಲ.
– ಓದುಗ, ಅಕ್ಕಲಕೋಟ

ಉತ್ತರ: ಎಸ್‌ಎಸ್‌ಡಿಯ ಚಿನ್ನದ ಬಣ್ಣದ ತುದಿ ನೋಡಿ. ಅಲ್ಲಿ ಎರಡು ಕಚ್ಚುಗಳಿದ್ದರೆ ಅದು ಬಹುಮಟ್ಟಿಗೆ ಸಾಟಾ (ಹಳೆಯ, ನಿಧಾನದ ಬಗೆ), ಒಂದೇ ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಎರಡು ಕಚ್ಚಿನದು ಎನ್‌ವಿಎಂಇ ಎನ್‌ಕ್ಲೋಷರಿನಲ್ಲೂ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಲೇಬಲ್ ಓದಿ ಖಚಿತಪಡಿಸಿಕೊಳ್ಳಿ. ಎರಡಕ್ಕೂ ಆಗುವ ಎನ್‌ಕ್ಲೋಷರ್ ಬೇಕಿದ್ದರೆ ರಿಯಲ್‌ಟೆಕ್ ಆರ್‌ಟಿಎಲ್9210ಬಿ ಚಿಪ್ ಇರುವುದನ್ನು ಕೇಳಿ. ಕೊನೆಯ 'ಬಿ' ಇಲ್ಲದ್ದು ಎನ್‌ವಿಎಂಇಗೆ ಮಾತ್ರ. ಹೊಸ ಎನ್‌ಕ್ಲೋಷರಿನಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಒಪ್ಪಬೇಡಿ, ಹಳೇ ಫೈಲುಗಳು ಹೋಗುತ್ತವೆ.

ಪ್ರಶ್ನೆ: ಎನ್‌ಕ್ಲೋಷರಿನ ಮೇಲೆ 10 ಜಿಬಿಪಿಎಸ್ ಎಂದು ಬರೆದಿದೆ, ಸೆಕೆಂಡಿಗೆ 40 ಎಂಬಿ ದಾಟುತ್ತಿಲ್ಲ.
– ಓದುಗ, ಹೊಸೂರು

ಉತ್ತರ: ಅದು ಯುಎಸ್‌ಬಿ 2.0ರ ವೇಗ. ಮೊಬೈಲ್ ಚಾರ್ಜಿಂಗ್ ಕೇಬಲ್ ಹಾಕಿದ್ದೀರೇನೋ ನೋಡಿ. ಟೈಪ್-ಸಿ ತುದಿ ಇದ್ದ ಮಾತ್ರಕ್ಕೆ ಅದು ವೇಗದ ಕೇಬಲ್ ಅಲ್ಲ. ಕೇಬಲ್ ಸರಿಯಿದ್ದು, ಆಯತಾಕಾರದ ದೊಡ್ಡ (ಟೈಪ್-ಎ) ಪೋರ್ಟಿಗೆ ಚುಚ್ಚುತ್ತಿದ್ದರೆ ಒಮ್ಮೆ ತೆಗೆದು ತಟ್ಟನೆ ಪೂರ್ತಿ ಒತ್ತಿ. ನಿಧಾನ ಒತ್ತಿದರೆ ಮುಂದಿರುವ 2.0ರ ನಾಲ್ಕು ಪಿನ್‌ಗಳು ಮೊದಲು ತಾಗಿ, ಸಂಪರ್ಕ ಆ ವೇಗಕ್ಕೇ ನಿಲ್ಲುವುದುಂಟು.